ಹೆಬ್ಬೆಟ್ಟು

ರಾತ್ರಿ ಆಟಕ್ಕೆ ಮುಂಚೆ, ಕಂಠೀರವದ ಹಿಂದಿನ ಟೀ ಅಂಗಡಿಯಲ್ಲಿ
ಒಬ್ಬ ಹುಡುಗ ಫೋನು ತಿರುಗಿಸಿ ತೋರಿಸಿದ:
‘ಸಾರ್, ಇದು ನೀವೇ ಅಲ್ವಾ?’

ಹೆಸರಿರಲಿಲ್ಲ, ಮುಖವೂ ಇರಲಿಲ್ಲ.
ಎರಡನೇ ಅರ್ಧ, ಕೊನೆಯ ಐದು ರೈಡು.
ಬೋನಸ್ ಸಿಕ್ಕರೆ ಒಂದಕ್ಕೆ ಎರಡೂಕಾಲು,
ಸಿಗದಿದ್ದರೆ ಒಂದೂವರೆ.
ಹಸಿರು ಗುಂಡಿ, ಕೆಂಪು ಗುಂಡಿ.

ಆ ಗೆರೆಗೆ ಬೋನಸ್ ಕೊಡುವವನು ನಾನು.
ಅಂದರೆ ಈ ಬಲಗೈ, ಇದರ ಹೆಬ್ಬೆಟ್ಟು,
ಮಾರ್ಕೆಟ್ಟಿಗೆ ಬಂದಿತ್ತು.
ಟೊಮೆಟೊ ರೇಟು ಹೇಳಿದ ಹಾಗೆ ಹೇಳಿ
ಹುಡುಗ ಬನ್ನು ಅದ್ದಿ ತಿಂದ.

ನಮ್ಮಪ್ಪ ಹೆಬ್ಬೆಟ್ಟಿನ ಮನುಷ್ಯ.
ಬಿನ್ನಿ ಮಿಲ್ಲಿನ ಸಂಬಳದ ಪುಸ್ತಕದಲ್ಲಿ
ತಿಂಗಳಿಗೊಂದು ನೀಲಿ ಮಚ್ಚೆ.
ಸಹಿ ಸುಳ್ಳು ಹೇಳುತ್ತೆ ಕಣೋ, ಇದು ಹೇಳಲ್ಲ, ಅನ್ನುತ್ತಿದ್ದ.
ಅವನು ಆಡಿದ ಕಬಡ್ಡಿ ಮಣ್ಣಿನದು.
ತರಚಿದ ಮಂಡಿಯೇ ಸಾಕ್ಷಿ.

ಬೆಳಗ್ಗೆ ನಾನು ಲಗ್ಗೆರೆಯಲ್ಲಿ ನೀರಿನ ಮೀಟರು ಓದುತ್ತೇನೆ.
ಗಾಜಿಗೆ ಮಂಜು ಹಿಡಿದಿರುತ್ತೆ,
ಹೆಬ್ಬೆಟ್ಟಿನಿಂದ ಒರೆಸಿ ಬಗ್ಗಬೇಕು.
‘ಸ್ವಲ್ಪ ಕಮ್ಮಿ ಬರ್ಕೊಳ್ಳಿ’ ಅನ್ನುವವರ ಮನೆಯಲ್ಲಿ
ಕಾಫಿ ಕುಡಿದಿದ್ದೇನೆ, ಕಮ್ಮಿ ಬರೆದಿಲ್ಲ.
ಒಂದು ಸಲ ಬರೆದಿದ್ದೇನೆ. ಬಾಣಂತಿ ಇದ್ದ ಮನೆ.
ಅದು ಲೆಕ್ಕಕ್ಕಿಲ್ಲ.

ಹೋದ ವಾರ ಹೋಟೆಲಿನ ಲಿಫ್ಟಿನಲ್ಲಿ
ಕೊರಳಿಗೆ ಕಾರ್ಡು ತೂಗಿಸಿಕೊಂಡವನೊಬ್ಬ
ಡಬ್ಬಿ ಕೊಟ್ಟ: ‘ಅಂಪೈರುಗಳಿಗೆಲ್ಲ ಕೊಡ್ತಿದೀವಿ.’
ಬಿಳಿ ಬೂಟು. ಎಂಟನೇ ನಂಬರು.
ಮನೆಯಲ್ಲಿ ಹಾಕಿ ನೋಡಿದೆ, ಸರಿಯಾಗಿ ಕೂತಿತು.
ಅದೇ ತೊಂದರೆ.
ನನ್ನ ಕಾಲಿನ ಅಳತೆ ಇವರಿಗೆ ಹೇಳಿದವರು ಯಾರು?
ಆಚೆ ಗೆರೆಯ ಕಾಡಯ್ಯನನ್ನು ಕೇಳಿದೆ, ನಿನಗೂ ಸಿಕ್ತಾ?
ಸೀಟಿಯ ದಾರ ಬೆರಳಿಗೆ ಸುತ್ತುತ್ತ
‘ಯಾವ ಬೂಟು?’ ಅಂದ.

ಮೂವತ್ತೆಂಟನೇ ನಿಮಿಷ. ಸಮಸಮ.
ಬಿಳಿಗಿರಿ ರೈಡಿಗೆ ಬಂದ.
ಎದುರಿಗೆ ಏಳು ಜನ, ಕೈಗೆ ಕೈ ಸರಪಳಿ.
ಅವನ ಉಸಿರು ಸ್ಪೀಕರಿನ ಹಾಡಿನಲ್ಲಿ ಮುಳುಗಿ
ತುಟಿ ಮಾತ್ರ ಅಲ್ಲಾಡುತ್ತಿತ್ತು.
ಮುಂಗಾಲು ಗೆರೆ ದಾಟಿತು. ಅದನ್ನು ಕಂಡೆ.
ಹಿಂಗಾಲು ನೆಲ ಬಿಟ್ಟಿರಬೇಕು.
ಬಿಟ್ಟಿತ್ತೇ?
ಒಂದು ಬಸ್ ಟಿಕೆಟು ತೂರುವಷ್ಟು?
ಆ ಗಳಿಗೆಯಲ್ಲಿ ನಾನು ನೋಡಿದ್ದು
ಅವನ ಹಿಮ್ಮಡಿಯನ್ನಲ್ಲ, ನನ್ನ ಬೂಟನ್ನು.

ಕೈ ಎತ್ತಿದೆ ಅನ್ನಲಾರೆ.
ತಲೆ ಎತ್ತಿದಾಗ ದೀಪದ ಬೆಳಕಿನಲ್ಲಿ
ಹೆಬ್ಬೆಟ್ಟು ಆಗಲೇ ನಿಂತಿತ್ತು.

ಎದುರಿನವರ ರಿವ್ಯೂ ಮುಗಿದುಹೋಗಿತ್ತು.
ಒಂದು ಪಾಯಿಂಟಿನಲ್ಲಿ ಗೆಲುವು, ಬಣ್ಣದ ಕಾಗದದ ಮಳೆ,
ಗ್ಯಾಲರಿಯಿಂದ ನೀರಿನ ಬಾಟಲಿ,
‘ಎಷ್ಟಕ್ಕೋ ಮಾರ್ಕೊಂಡೆ?’

ಮನೆಯಲ್ಲಿ ಭಾಮೈದ ಚಂದ್ರಹಾಸ ಕೂತಿದ್ದ.
‘ಬಾವ ಕಟ್ಟುನಿಟ್ಟು ಅಂತ ನಂಬಿ ಕೆಂಪು ಒತ್ತಿದೆ.
ಹನ್ನೆರಡು ಸಾವಿರ.’
ಪುಟ್ಟಗೌರಿ ಏನೂ ಕೇಳಲಿಲ್ಲ.
ನನ್ನ ಹೆಗಲಿನ ಚೀಲ ತಾನೇ ಇಳಿಸಿಕೊಂಡಳು,
ತೂಕ ನೋಡುವ ಹಾಗೆ.

ಹಣ ಬರಲಿಲ್ಲ. ಫೋನೂ ಬರಲಿಲ್ಲ.
ಬಂದಿದ್ದರೆ ನಾನು ಏನು ಅಂತ ಗೊತ್ತಾಗುತ್ತಿತ್ತು.
ಆ ರೈಡನ್ನು ನಿಧಾನವಾಗಿ ಓಡಿಸಿ ಓಡಿಸಿ ನೋಡಿದೆ,
ಹಿಮ್ಮಡಿಯ ಕೆಳಗೆ ಒಂದು ಕಪ್ಪು.
ಸಂದಿಯೋ, ನೆರಳೋ.

ಬೂಟು ಅಟ್ಟದ ಮೇಲಿದೆ, ಡಬ್ಬಿಯಲ್ಲೇ.
ಬಿಸಾಡಿದರೆ ಒಪ್ಪಿಕೊಂಡ ಹಾಗೆ,
ಹಾಕಿಕೊಂಡರೂ.

ಇವತ್ತು ಬೆಳಗ್ಗೆ ಮೂರನೇ ಕ್ರಾಸಿನಲ್ಲಿ
ಹಳೇ ಚಪ್ಪಲಿಯಲ್ಲಿ ಕುಕ್ಕರುಗಾಲು ಕೂತು
ಗಾಜು ಒರೆಸುತ್ತಿದ್ದೆ.
ಬಾಗಿಲಲ್ಲಿ ನಿಂತ ಹೆಂಗಸು ಕೇಳಿದಳು,
‘ಎಷ್ಟು ಸಾರ್?’

ಕಿವಿ ಬಿಸಿಯಾಯಿತು.
ಅಂಕಿಯನ್ನು ಜೋರಾಗಿ ಓದಿದೆ, ಎದುರು ಮನೆಗೂ ಕೇಳುವ ಹಾಗೆ.
ಆಮೇಲೆ ಇನ್ನೊಂದು ಸಲ ಒರೆಸಿದೆ.